ವಿಜಯಪುರದ ದೊರೆಗಳು ನ್ಯೂಯಾರ್ಕಿನಲ್ಲಿ: ಆನ್‌ಲೈನ್ ಪ್ರದರ್ಶನವನ್ನು ನೋಡುವ ಬಗೆ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಆದಿಲ್‌ಶಾಹಿ ಕಾಲದ ಉತ್ತಮ ಚಿತ್ರಗಳಲ್ಲಿ ಬಹುಪಾಲು ವಿದೇಶದ ಮ್ಯೂಸಿಯಂಗಳಲ್ಲಿವೆ ಎಂದು ಓದಿದ್ದೇನೆ. ಅಲ್ಲಿಗೆ ಹೋಗಿ ನೋಡುವ ಅನುಕೂಲ ನನಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ ಪ್ರದರ್ಶನದ ಪುಟಗಳನ್ನು ನೋಡತೊಡಗಿದರೆ ಒಂದರ ಹಿಂದೊಂದು ಚಿತ್ರ ಸರಿದು ಹೋಗುತ್ತದೆ, ಕೊನೆಗೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹೀಗೆ ನೋಡುವುದರಿಂದ ಪ್ರಯೋಜನವಿದೆಯೇ? ಇದ್ದರೆ ಹೇಗೆ ನೋಡಬೇಕು? ಈ ಚಿತ್ರಗಳನ್ನು ಮಕ್ಕಳಿಗಾಗಿ ಮುದ್ರಿಸಿಕೊಳ್ಳಲು ಅನುಮತಿ ಬೇಕೇ?

ಉತ್ತರ: ಪ್ರಯೋಜನದ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಹಿಂದೆ, ಅಲ್ಲಿಗೇ ಹೋಗಿ ನೋಡುವವರಿಗೆ ಸಿಗುವುದು ನಿಜವಾದ ಅನುಭವ, ನಮ್ಮಂಥವರಿಗೆ ಉಳಿದದ್ದು ಅದರ ನೆರಳು ಎಂಬ ಎಣಿಕೆ ಇದೆ. ಶಿಲ್ಪಗಳ ಮಟ್ಟಿಗೆ, ದೊಡ್ಡ ತೈಲಚಿತ್ರಗಳ ಮಟ್ಟಿಗೆ ಆ ಎಣಿಕೆ ಸರಿ. ಕಾಗದದ ಮೇಲೆ ಬರೆದ ದಖ್ಖನಿ ಚಿತ್ರಗಳ ಮಟ್ಟಿಗೆ ಅದನ್ನು ಪೂರ್ತಿಯಾಗಿ ಒಪ್ಪಲಾಗದು. ಕಾಗದಕ್ಕೂ ಅದರ ಮೇಲಿನ ಬಣ್ಣಕ್ಕೂ ಬೆಳಕೇ ಶತ್ರು. ಆದ್ದರಿಂದ ಮ್ಯೂಸಿಯಂಗಳು ಇಂಥ ಚಿತ್ರಗಳನ್ನು ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳ ಮಟ್ಟಿಗೆ ಮಾತ್ರ ಹೊರಗಿಟ್ಟು, ಆಮೇಲೆ ವರ್ಷಗಟ್ಟಲೆ ಕತ್ತಲ ಉಗ್ರಾಣದಲ್ಲಿ ಇರಿಸುತ್ತವೆ. ನೀವು ಸಾಲ ಮಾಡಿ ನ್ಯೂಯಾರ್ಕಿಗೆ ಹೋದರೂ ನೀವು ನೋಡಬೇಕೆಂದುಕೊಂಡ ಚಿತ್ರ ಆ ದಿನ ಗೋಡೆಯ ಮೇಲೆ ಇರುತ್ತದೆಂಬ ಭರವಸೆ ಇಲ್ಲ. ಇದ್ದರೂ ಗಾಜಿನ ಆಚೆ, ಅರೆಬೆಳಕಿನಲ್ಲಿ, ಒಂದು ಅಡಿ ದೂರದಿಂದ ನೋಡಬೇಕು. ಮ್ಯೂಸಿಯಂನ ದಾಖಲೆ ಪುಟದಲ್ಲಿ ‘ಸದ್ಯ ಪ್ರದರ್ಶನದಲ್ಲಿಲ್ಲ’ ಎಂಬ ಸಾಲು ಮತ್ತೆ ಮತ್ತೆ ಕಾಣುವುದು ಇದೇ ಕಾರಣಕ್ಕೆ. ಇಂಥ ಚಿತ್ರವನ್ನು ವರ್ಷದ ಯಾವ ದಿನವಾದರೂ ನೋಡಬಹುದಾದ ಜಾಗ ಪರದೆಯೊಂದೇ.

ಹಾಗಿದ್ದೂ ನಿಮ್ಮ ಮನಸ್ಸಿನಲ್ಲಿ ಏನೂ ನಿಲ್ಲುತ್ತಿಲ್ಲ ಎಂದರೆ ಅದಕ್ಕೆ ಕಾರಣ ನಿಮ್ಮ ಆಸಕ್ತಿಯ ಕೊರತೆಯಲ್ಲ, ನೀವು ಪ್ರದರ್ಶನದಲ್ಲೇ ಉಳಿದುಬಿಡುತ್ತಿರುವುದು. ಆನ್‌ಲೈನ್ ಪ್ರದರ್ಶನವೆಂದರೆ ಕ್ಯುರೇಟರ್ ಒಬ್ಬರು ತಮ್ಮ ವಾದಕ್ಕೆ ಬೇಕಾದ ಕೃತಿಗಳನ್ನು ಆರಿಸಿ, ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆದು ಮುಂದಿಟ್ಟದ್ದು. ಅದು ಬಾಗಿಲು. ಸಂಗ್ರಹ ಇರುವುದು ಅದರ ಹಿಂದೆ, ಒಂದೊಂದು ಕೃತಿಗೂ ಮೀಸಲಾದ ದಾಖಲೆ ಪುಟದಲ್ಲಿ. ಪ್ರದರ್ಶನವನ್ನು ಒಮ್ಮೆ ಬೇಗ ಓಡಿಸಿ ನೋಡಿ, ಕಣ್ಣು ತಡೆದ ಒಂದೇ ಒಂದು ಚಿತ್ರವನ್ನು ಹಿಡಿದುಕೊಂಡು ಅದರ ದಾಖಲೆ ಪುಟಕ್ಕೆ ಹೋಗಿ, ಅಲ್ಲಿ ಅರ್ಧ ಗಂಟೆ ಕೂತುಬಿಡಿ. ನನ್ನ ಸಲಹೆಯ ಸಾರ ಇಷ್ಟೇ. ಇನ್ನುಳಿದದ್ದು ಅದರ ವಿವರ.

ನಿಮ್ಮ ಊರಿಗೇ ಸೇರಿದ ಪ್ರದರ್ಶನವೊಂದರಿಂದ ಶುರುಮಾಡೋಣ. ಮೆಟ್ರೊಪಾಲಿಟನ್ ಮ್ಯೂಸಿಯಂ 2015ರ ಏಪ್ರಿಲ್‌ನಿಂದ ಜುಲೈವರೆಗೆ ‘ದಖ್ಖನಿನ ಸುಲ್ತಾನರು, 1500–1700’ ಎಂಬ ದೊಡ್ಡ ಪ್ರದರ್ಶನವನ್ನು ನಡೆಸಿತು. ನವೀನಾ ನಜತ್ ಹೈದರ್ ಮತ್ತು ಮರಿಕಾ ಸರ್ದಾರ್ ಅದರ ಕ್ಯುರೇಟರುಗಳು. ವಿಜಯಪುರ, ಗೋಲ್ಕೊಂಡ, ಅಹ್ಮದ್‌ನಗರ, ಬೀದರ್ ಆಸ್ಥಾನಗಳ ಚಿತ್ರ, ಬಟ್ಟೆ, ಲೋಹದ ಕೆಲಸ, ಆಯುಧಗಳೆಲ್ಲ ಒಂದೇ ಸೂರಿನಡಿ ಬಂದಿದ್ದವು. ಪ್ರದರ್ಶನ ಮುಗಿದು ಕೃತಿಗಳು ಅವರವರ ಮನೆಗೆ ಮರಳಿದರೂ ಅದರ ಪುಟ ಜಾಲತಾಣದಲ್ಲಿ ಉಳಿದಿದೆ.

ಅಲ್ಲಿಂದ ‘ಬಿಜಾಪುರದ ರಾಜಮನೆತನ’ ಎಂಬ ಚಿತ್ರದ ದಾಖಲೆ ಪುಟಕ್ಕೆ ಹೋಗಿ. ದಾಖಲೆಯ ಪ್ರಕಾರ ಕಾಲ ಸುಮಾರು 1680. ಬರೆದವರು ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್. ಕಾಗದದ ಮೇಲೆ ಮಸಿ, ಅಪಾರದರ್ಶಕ ಜಲವರ್ಣ, ಚಿನ್ನ, ಬೆಳ್ಳಿ. ಎತ್ತರ ಸುಮಾರು 41 ಸೆಂಟಿಮೀಟರ್, ಅಗಲ ಸುಮಾರು 31. ಈ ನಾಲ್ಕು ಸಾಲುಗಳನ್ನು ನಾವು ಸಾಮಾನ್ಯವಾಗಿ ಕಣ್ಣಾಡಿಸಿ ಬಿಟ್ಟುಬಿಡುತ್ತೇವೆ, ಆದರೆ ಚಿತ್ರ ನೋಡುವ ಕೆಲಸ ಮೊದಲಾಗುವುದು ಇಲ್ಲಿಂದಲೇ. ಕಾಲವನ್ನೇ ನೋಡಿ. ಔರಂಗಜೇಬನ ಸೈನ್ಯ ವಿಜಯಪುರವನ್ನು ವಶಪಡಿಸಿಕೊಂಡದ್ದು 1686ರಲ್ಲಿ. ಎಂದರೆ ರಾಜ್ಯ ಕೈಬಿಡಲು ಐದಾರು ವರ್ಷವಷ್ಟೇ ಉಳಿದಿದ್ದಾಗ ಬರೆಸಿದ ಚಿತ್ರ ಇದು.

ಇನ್ನು ಚಿತ್ರದೊಳಕ್ಕೆ ಬನ್ನಿ. ಬೇರೆ ಬೇರೆ ಕಾಲದಲ್ಲಿ ಆಳಿದ, ಪರಸ್ಪರ ಮುಖವನ್ನೇ ಕಾಣದ ದೊರೆಗಳು ಒಂದೇ ಜಮಖಾನದ ಮೇಲೆ ಕೂತಿದ್ದಾರೆ. ನಡುವೆ ಮನೆತನದ ಮೂಲಪುರುಷ ಯೂಸುಫ್ ಆದಿಲ್‌ಶಾ. ಅವನಿಗೆ ಇರಾನಿನ ಸಫವೀ ದೊರೆ ಶಾ ಇಸ್ಮಾಯಿಲ್ ಒಂದು ಕೀಲಿಯನ್ನು ಕೊಡುತ್ತಿದ್ದಾನೆ. ಬಲತುದಿಯಲ್ಲಿ ಕಪ್ಪು ಮೈಬಣ್ಣದ ಹುಡುಗ ಸಿಕಂದರ್, ವಂಶದ ಕೊನೆಯ ದೊರೆ, ನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ 1672ರಲ್ಲಿ ಪಟ್ಟಕ್ಕೆ ಬಂದವನು. ಸತ್ತವರನ್ನೂ ಬದುಕಿದವರನ್ನೂ ಹೀಗೆ ಒಟ್ಟಿಗೆ ಕೂರಿಸಿ ಬರೆಸುವ ಪದ್ಧತಿ ಮೊಘಲರಲ್ಲಿತ್ತು. ಮೊಘಲರು ಬಾಗಿಲಿಗೆ ಬಂದು ನಿಂತ ಹೊತ್ತಿನಲ್ಲಿ ಅವರದೇ ಪದ್ಧತಿಯನ್ನು ಎತ್ತಿಕೊಂಡು, ‘ನಮ್ಮ ಅಧಿಕಾರದ ಕೀಲಿ ದೆಹಲಿಯಿಂದ ಬಂದದ್ದಲ್ಲ, ಇರಾನಿನಿಂದ ಬಂದದ್ದು’ ಎಂದು ವಿಜಯಪುರದ ಆಸ್ಥಾನ ಹೇಳಿಕೊಂಡಂತಿದೆ. ಶಿಯಾ ಪಂಥದ ಸಫವೀಗಳೊಡನೆ ಆದಿಲ್‌ಶಾಹಿಗಳಿಗಿದ್ದ ನಂಟು ತಿಳಿದಿದ್ದರೆ ಆ ಕೀಲಿ ಅಲ್ಲಿ ಏಕಿದೆ ಎಂಬುದು ಕೂಡಲೇ ಹೊಳೆಯುತ್ತದೆ. ಪ್ರದರ್ಶನದ ಪುಟದಲ್ಲಿ ಇದೊಂದು ಅಂಗೈಯಗಲದ ಚಿತ್ರ. ಅಷ್ಟರಲ್ಲಿ ಕೀಲಿ ಕಾಣುವುದೇ ಇಲ್ಲ.

ಅದಕ್ಕೇ ದೊಡ್ಡದು ಮಾಡಿ ನೋಡಬೇಕು. ಆದರೆ ಜೂಮ್ ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು 41 ಸೆಂಟಿಮೀಟರ್ ಎತ್ತರ, 31 ಸೆಂಟಿಮೀಟರ್ ಅಗಲದ ಬಿಳಿ ಕಾಗದವೊಂದನ್ನು ಕತ್ತರಿಸಿ ಕಂಪ್ಯೂಟರಿನ ಪಕ್ಕದಲ್ಲಿಡಿ. ಮೊಬೈಲಿನಲ್ಲಿ ಎಲ್ಲ ಚಿತ್ರವೂ ಮೊಬೈಲಿನಷ್ಟೇ, ಪ್ರೊಜೆಕ್ಟರಿನಲ್ಲಿ ಎಲ್ಲ ಚಿತ್ರವೂ ಗೋಡೆಯಷ್ಟೇ. ಮೂಲದ ಅಳತೆ ಕಣ್ಣೆದುರಿಗೆ ಇಲ್ಲದಿದ್ದರೆ ಚಿತ್ರಕಾರ ಎಷ್ಟು ಸಣ್ಣ ಜಾಗದಲ್ಲಿ ಕೆಲಸ ಮಾಡಿದ ಎಂಬುದು ತಿಳಿಯುವುದಿಲ್ಲ. ಆ ಕಾಗದದ ಮೇಲೆ ಒಬ್ಬ ದೊರೆಯ ಮುಖ ಎಷ್ಟು ಬರಬಹುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಪರದೆಯಲ್ಲಿ ಆ ಮುಖವನ್ನು ದೊಡ್ಡದು ಮಾಡಿ. ನೀವು ಕುಂಚ ಹಿಡಿದವರು, ಅಷ್ಟು ಚಿಕ್ಕ ಮುಖದಲ್ಲಿ ಗಡ್ಡದ ಎಳೆಗಳನ್ನು ಬಿಡಿಸುವ ಕಷ್ಟ ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ಮುಖ ಮುಗಿದ ಮೇಲೆ ಪೇಟಗಳನ್ನು ಒಂದೊಂದಾಗಿ ನೋಡಿ. ಮಕ್ಕಳಿಗೆ ತೋರಿಸುವಾಗ ಗೋಳಗುಮ್ಮಟದೊಳಗೆ ಮಲಗಿರುವ ಮುಹಮ್ಮದ್ ಆದಿಲ್‌ಶಾ ಇವರಲ್ಲಿ ಯಾರು, ಇಬ್ರಾಹಿಂ ರೋಜಾದ ಇಬ್ರಾಹಿಂ ಯಾರು ಎಂದು ಹುಡುಕಲು ಬಿಡಿ. ಗೋಳಗುಮ್ಮಟದ ನೆರಳಿನಲ್ಲೇ ಬೆಳೆದ ಮಕ್ಕಳಿಗೆ ಆ ಹುಡುಕಾಟದಲ್ಲಿ ಇರುವ ಕುತೂಹಲ ನ್ಯೂಯಾರ್ಕಿನ ಮಕ್ಕಳಿಗೂ ಇರಲಾರದು.

ದಾಖಲೆ ಪುಟದ ಕೆಳಭಾಗವನ್ನು ಬಿಡಬೇಡಿ. ಅಲ್ಲಿ 1982.213 ಎಂಬ ಸಂಖ್ಯೆ ಇದೆ. ಮೊದಲ ಭಾಗ ಕೃತಿ ಮ್ಯೂಸಿಯಂಗೆ ಸೇರಿದ ವರ್ಷ, ಎರಡನೆಯದು ಆ ವರ್ಷದ ಕ್ರಮಸಂಖ್ಯೆ. ಎಂದರೆ ಈ ಚಿತ್ರ ಅಲ್ಲಿಗೆ ಸೇರಿದ್ದು 1982ರಲ್ಲಿ. ಪಕ್ಕದ ಸಾಲು ಓದಿದರೆ ಇದು ಖರೀದಿಯಿಂದ ಬಂದದ್ದೆಂದೂ, ಇಸ್ಲಾಮಿಕ್ ಕಲೆಯ ಹೆಸರಾಂತ ವಿದ್ವಾಂಸ ರಿಚರ್ಡ್ ಎಟಿಂಗ್‌ಹೌಸೆನ್ ಅವರ ನೆನಪಿಗೆ ಹಲವರು ಕೊಟ್ಟ ದೇಣಿಗೆ ಅದಕ್ಕೆ ನೆರವಾಯಿತೆಂದೂ ತಿಳಿಯುತ್ತದೆ. ಅದರ ಕೆಳಗೆ ಹಿಂದಿನ ಒಡೆತನದ ಚರಿತ್ರೆಗೆ ಮೀಸಲಾದ ಭಾಗವಿರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪುಟದಲ್ಲಿ ಅತಿ ಹೆಚ್ಚು ಹೇಳುವ ಭಾಗ ಇದೇ, ಕೆಲವೊಮ್ಮೆ ತಾನು ಹೇಳದೆ ಬಿಟ್ಟದ್ದರಿಂದ. 1686ರ ನಂತರ ವಿಜಯಪುರದ ಚಿತ್ರಗಳೂ ಪುಸ್ತಕಗಳೂ ಹಲವು ದಾರಿ ಹಿಡಿದವು. ಔರಂಗಜೇಬನ ಸೇನಾಪತಿಯಾಗಿ ದಖ್ಖನಿಗೆ ಬಂದಿದ್ದ ಬಿಕಾನೇರಿನ ಮಹಾರಾಜ ಅನೂಪಸಿಂಹನೊಡನೆ ಅದವಾನಿ (ಆದೋನಿ) ಕೋಟೆಯಿಂದ ಬಿಕಾನೇರಿನ ಅರಮನೆಗೆ ಹೋದವು ಕೆಲವು. ವಿಜಯಪುರದ ಅಸರ್ ಮಹಲ್ ಎಂಬ ಅರಮನೆಯಲ್ಲಿದ್ದ ಹಸ್ತಪ್ರತಿಗಳು 19ನೇ ಶತಮಾನದ ನಡುಭಾಗದಲ್ಲಿ ಲಂಡನ್ನಿಗೆ ಸಾಗಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಒಡೆತನದ ಸಾಲು 20ನೇ ಶತಮಾನದ ಯಾವುದೋ ವ್ಯಾಪಾರಿಯ ಹೆಸರಿನಿಂದ ಮೊದಲಾದರೆ ಅದಕ್ಕೂ ಹಿಂದೆ ಕೃತಿ ಎಲ್ಲಿತ್ತು ಎಂಬ ಪ್ರಶ್ನೆ ತೆರೆದೇ ಇದೆ ಎಂದು ಓದಿಕೊಳ್ಳಬೇಕು. ಇದು ಬರಿಯ ಪಂಡಿತರ ಚರ್ಚೆಯಲ್ಲ. ಕಳವಿನ ದಾರಿಯಲ್ಲಿ ಬಂದವೆಂದು ಗೊತ್ತಾದ 15 ಶಿಲ್ಪಗಳನ್ನು ಭಾರತಕ್ಕೆ ಹಿಂದಿರುಗಿಸುವುದಾಗಿ ಇದೇ ಮ್ಯೂಸಿಯಂ 2023ರ ಮಾರ್ಚ್‌ನಲ್ಲಿ ಪ್ರಕಟಿಸಬೇಕಾಯಿತು.

ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬುದು ಮುಂದಿನ ಮಾತು. ಇದೇ ಸಂಗ್ರಹದಲ್ಲಿ ಚಾಂದ್ ಬೀಬಿ ಕುದುರೆಯೇರಿ ಡೇಗೆಯೊಡನೆ ಬೇಟೆಗೆ ಹೊರಟ ಚಿತ್ರವೊಂದಿದೆ. ವಿಜಯಪುರದಲ್ಲಿ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯಭಾರ ನೋಡಿಕೊಂಡ, ಆಮೇಲೆ ತವರಾದ ಅಹ್ಮದ್‌ನಗರದ ಕೋಟೆಯನ್ನು ಮೊಘಲರಿಂದ ಕಾದ ಚಾಂದ್ ಬೀಬಿಯೇ ಇವಳು. ಆದರೆ ದಾಖಲೆ ಹೇಳುವ ಕಾಲ ಸುಮಾರು 1700, ಅವಳು ಸತ್ತದ್ದು 1600ರಲ್ಲಿ. ಹಾಗಾದರೆ ಇದು ಅವಳನ್ನು ಕಂಡು ಬರೆದ ಭಾವಚಿತ್ರವಲ್ಲ, ನೂರು ವರ್ಷದ ನಂತರವೂ ದಖ್ಖನಿನಲ್ಲಿ ಅವಳ ಹೆಸರು ಹೇಗೆ ಉಳಿದಿತ್ತು ಎಂಬುದಕ್ಕೆ ಸಾಕ್ಷಿ. ಇಂಥ ತೀರ್ಮಾನಕ್ಕೆ ಬರಲು ಬೇಕಾದದ್ದು ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾತ್ರ.

ಹುಡುಕುವಾಗ ನಿಮಗೆ ಎದುರಾಗುವ ಎರಡು ತೊಡಕುಗಳಿವೆ. ಮ್ಯೂಸಿಯಂ ತನ್ನ ಸಂಗ್ರಹವನ್ನು ನಮ್ಮ ಊರುಗಳ ಪ್ರಕಾರ ವಿಂಗಡಿಸಿಲ್ಲ, ತನ್ನ ಆಡಳಿತ ವಿಭಾಗಗಳ ಪ್ರಕಾರ ವಿಂಗಡಿಸಿದೆ. ಸುಲ್ತಾನರ ಕಾಲದ ಚಿತ್ರಗಳು ಇಸ್ಲಾಮಿಕ್ ಕಲಾ ವಿಭಾಗದಲ್ಲಿ, ದೇವಾಲಯ ಶಿಲ್ಪಗಳು ಏಷ್ಯನ್ ಕಲಾ ವಿಭಾಗದಲ್ಲಿ, ಕಠಾರಿಗಳು ಆಯುಧಗಳ ವಿಭಾಗದಲ್ಲಿ, ವಾದ್ಯಗಳು ಇನ್ನೊಂದರಲ್ಲಿ. ಬೀದರಿನಲ್ಲಿ ಎರಕ ಹೊಯ್ದು ಐರಿಸ್ ಹೂವಿನ ಕೆತ್ತನೆ ಕೂರಿಸಿದ ಹುಕ್ಕಾ ಬುಡವೊಂದು ಅಲ್ಲಿದೆ. ಅದು ಇರುವುದೂ ಇಸ್ಲಾಮಿಕ್ ವಿಭಾಗದಲ್ಲೇ. ಒಂದೇ ಶತಮಾನದಲ್ಲಿ, ಐವತ್ತು ಹರದಾರಿಯೊಳಗೆ ತಯಾರಾದ ವಸ್ತುಗಳು ಹೀಗೆ ಬೇರೆ ಬೇರೆ ಕಡೆ ಹಂಚಿಹೋಗಿರುವುದರಿಂದ ವಿಭಾಗದ ಹೆಸರನ್ನು ಬಿಟ್ಟು ಸ್ಥಳ ಮತ್ತು ಶತಮಾನದ ಮೇಲೆ ಹುಡುಕುವುದು ಜಾಣತನ. ಎರಡನೆಯ ತೊಡಕು ಊರಿನ ಹೆಸರು. 2014ರ ನವೆಂಬರ್ 1ರಿಂದ ನಮ್ಮ ಊರುಗಳ ಅಧಿಕೃತ ಹೆಸರು ಬದಲಾಯಿತು, ಆದರೆ ವಿದೇಶದ ಮ್ಯೂಸಿಯಂಗಳ ದಾಖಲೆಗಳು ಹೆಚ್ಚಾಗಿ ಹಳೆಯ ಹೆಸರಿನಲ್ಲೇ ಉಳಿದಿವೆ. ವಿಜಯಪುರ, ಕಲಬುರಗಿ, ಮೈಸೂರು ಎಂದು ಹುಡುಕುವುದಕ್ಕಿಂತ ಬಿಜಾಪುರ್, ಗುಲ್ಬರ್ಗಾ, ಮೈಸೋರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರೆ ಹೆಚ್ಚು ಸಿಗುತ್ತದೆ. ‘ದಖ್ಖನ್’ ಎಂಬುದಕ್ಕೆ ಅವರು ಬರೆಯುವ ‘ಡೆಕ್ಕನ್’ ಎಂಬ ರೂಪವನ್ನೂ ಹಾಕಿ ನೋಡಿ.

ಪ್ರದರ್ಶನದಲ್ಲಿ ಕಂಡ ಚಿತ್ರ ಸಂಗ್ರಹದ ಹುಡುಕಾಟದಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. 2015ರಂಥ ದೊಡ್ಡ ಪ್ರದರ್ಶನಗಳಲ್ಲಿ ಗಣನೀಯ ಪಾಲು ಬೇರೆಯವರಿಂದ ಎರವಲು ತಂದ ಕೃತಿಗಳು. ಶೀರ್ಷಿಕೆಯ ಕೆಳಗೆ ಒಡೆಯರ ಹೆಸರಿರುತ್ತದೆ. ಅದನ್ನು ಹಿಡಿದು ಆ ಸಂಸ್ಥೆಯ ಜಾಲತಾಣಕ್ಕೆ ಹೋಗಬೇಕು. ವಿಜಯಪುರದ ಚಿತ್ರಗಳನ್ನು ಹಿಂಬಾಲಿಸುವವರು ಹೀಗೆ ಬಹು ಬೇಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಲೈಬ್ರರಿಗೆ ಬಂದು ತಲುಪುತ್ತಾರೆ. 1570ರಲ್ಲಿ ಒಂದನೆಯ ಅಲಿ ಆದಿಲ್‌ಶಾನ ಕಾಲಕ್ಕೆ ಸಿದ್ಧವಾದ, ಜ್ಯೋತಿಷ್ಯದ ವಿಶ್ವಕೋಶದಂತಿರುವ ‘ನುಜೂಮ್ ಅಲ್ ಉಲೂಮ್’ ಹಸ್ತಪ್ರತಿಯೂ, ಕೈಯಲ್ಲಿ ಮೈನಾ ಹಕ್ಕಿಯನ್ನು ಕೂರಿಸಿಕೊಂಡು ನಿಂತ ಯೋಗಿನಿಯ ಚಿತ್ರವೂ ಅಲ್ಲಿವೆ. 17ನೇ ಶತಮಾನದ ಆದಿಭಾಗದ ಈ ಯೋಗಿನಿಯನ್ನು ಬರೆದವನ ಹೆಸರು ಉಳಿದುಬಂದಿಲ್ಲವಾದ್ದರಿಂದ ವಿದ್ವಾಂಸರು ಅವನನ್ನು, ಚಿತ್ರ ಈಗಿರುವ ಊರಿನ ಹೆಸರಿನಿಂದಲೇ, ‘ಡಬ್ಲಿನ್ ಚಿತ್ರಕಾರ’ ಎಂದು ಕರೆಯುತ್ತಾರೆ. ವಿಜಯಪುರದಲ್ಲಿ ಕೂತು ಬರೆದವನಿಗೆ ಐರ್ಲೆಂಡಿನ ರಾಜಧಾನಿಯ ಹೆಸರು! ಆಕ್ಸ್‌ಫರ್ಡಿನಲ್ಲಿ ಚಿತ್ರವಿರುವ ಇನ್ನೊಬ್ಬ ಅನಾಮಿಕ, ಅಲ್ಲಿಯ ಗ್ರಂಥಾಲಯದಿಂದಾಗಿ, ‘ಬೋಡ್ಲಿಯನ್ ಚಿತ್ರಕಾರ’ ಆಗಿದ್ದಾನೆ. ಎರಡನೆಯ ಇಬ್ರಾಹಿಮನ ಪ್ರಸಿದ್ಧ ಭಾವಚಿತ್ರಗಳಲ್ಲಿ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅವನು ತಂಬೂರಿ ನುಡಿಸುತ್ತಿರುವುದು ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಮ್ಯೂಸಿಯಂನಲ್ಲಿ. ಈ ಎರಡನ್ನೂ ಒಂದೇ ಗೋಡೆಯ ಮೇಲೆ ನೋಡುವ ಸಂದರ್ಭ ದಶಕಕ್ಕೊಮ್ಮೆ ಬಂದರೆ ಹೆಚ್ಚು. ನಿಮ್ಮ ಪರದೆಯ ಎರಡು ಕಿಟಕಿಗಳಲ್ಲಿ ಅವು ಈಗಲೇ ಅಕ್ಕಪಕ್ಕ ಕೂರುತ್ತವೆ.

ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಬಗ್ಗೆ ಒಂದು ಮಾತು. 2011ರಲ್ಲಿ 17 ಮ್ಯೂಸಿಯಂಗಳೊಂದಿಗೆ ಆರಂಭವಾದ ಈ ಯೋಜನೆಯಲ್ಲಿ ಮೆಟ್ರೊಪಾಲಿಟನ್ ಕೂಡ ಮೊದಲಿನಿಂದ ಇತ್ತು. ಅದರ ಕಥಾರೂಪದ ಪ್ರದರ್ಶನಗಳು ಮಕ್ಕಳಿಗೆ ರುಚಿ ಹತ್ತಿಸಲು ಒಳ್ಳೆಯವು, ಹತ್ತಿರದಿಂದ ತೆಗೆದ ಕೆಲವು ಚಿತ್ರಗಳು ಬೆರಗು ಹುಟ್ಟಿಸುವಷ್ಟು ಸ್ಪಷ್ಟ. ಆದರೆ ಗ್ಯಾಲರಿಯೊಳಗೆ ಸುತ್ತಾಡಿಸುವ 360 ಡಿಗ್ರಿ ನೋಟಗಳಲ್ಲಿ ಸಮಯ ಕಳೆಯಬೇಡಿ ಎನ್ನುತ್ತೇನೆ. ಅವುಗಳಲ್ಲಿ ಕಾಣುವುದು ಕಟ್ಟಡ, ನೆಲ, ದೀಪ. ಚಿತ್ರಗಳು ದೂರದ ಚೌಕಟ್ಟುಗಳಾಗಿಯೇ ಉಳಿಯುತ್ತವೆ. ನಮ್ಮಲ್ಲಿಯೂ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ 2020ರ ಡಿಸೆಂಬರ್‌ನಲ್ಲಿ ಆನ್‌ಲೈನಿನಲ್ಲೇ ಮೊದಲು ಬಾಗಿಲು ತೆರೆದು, ಕಸ್ತೂರಬಾ ರಸ್ತೆಯ ಕಟ್ಟಡವನ್ನು 2023ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಪರದೆ ಕೊಡಲಾಗದ್ದು ಏನು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ದಖ್ಖನಿ ಚಿತ್ರಕಾರರು ಚಿನ್ನವನ್ನು ಧಾರಾಳವಾಗಿ ಬಳಸಿದರು, ಬಳಿದ ಮೇಲೆ ಉಜ್ಜಿ ಹೊಳಪು ಕೊಟ್ಟರು. ಈ ಚಿತ್ರಗಳು ಗೋಡೆಗೆ ನೇತುಹಾಕಲು ಬರೆದವಲ್ಲ; ಮುರಕ್ಕಾ ಎಂಬ ಆಲ್ಬಮ್ಮಿನ ಹಾಳೆಗಳಾಗಿ ಕೈಯಲ್ಲಿ ಹಿಡಿದು ನೋಡುವಂಥವು. ಹಾಳೆಯನ್ನು ಸ್ವಲ್ಪ ಓರೆ ಮಾಡಿದಾಗ ಚಿನ್ನ ಮಿಂಚಿ, ಮತ್ತೆ ಮಂಕಾಗುತ್ತದೆ. ಛಾಯಾಚಿತ್ರ ತೆಗೆಯುವಾಗ ಬೆಳಕು ಕದಲದೆ ಸ್ಥಿರವಾಗಿ ಬೀಳುವುದರಿಂದ ಆ ಚಿನ್ನ ಪರದೆಯಲ್ಲಿ ಸಾಸಿವೆ ಬಣ್ಣಕ್ಕೋ ಕಂದಿಗೋ ತಿರುಗಿಬಿಡುತ್ತದೆ. ಕಪ್ಪಾಗಿ ಕಾಣುವ ಕೆರೆ, ತೊರೆಗಳನ್ನು ಕಂಡರೆ ಚಿತ್ರಕಾರ ರಾತ್ರಿಯನ್ನು ಬರೆದನೆಂದು ತಿಳಿಯಬೇಡಿ. ನೀರಿಗೆ ಹಚ್ಚಿದ ಬೆಳ್ಳಿ ಕಾಲಾಂತರದಲ್ಲಿ ಕಂದಿ ಹಾಗಾಗಿರುವ ಸಂಭವವೇ ಹೆಚ್ಚು. ದಾಖಲೆಯಲ್ಲಿ ‘ಬೆಳ್ಳಿ’ ಎಂಬ ಶಬ್ದವಿದೆಯೇ ಎಂದು ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಬಣ್ಣಗಳ ವಿಷಯದಲ್ಲಿ ಒಂದು ಪರದೆಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲವಾದ್ದರಿಂದ ಮಕ್ಕಳಿಗೆ ‘ಇದೇ ನೀಲಿ’ ಎಂದು ಹೇಳುವುದಕ್ಕಿಂತ ‘ಈ ನೀಲಿಯ ಪಕ್ಕ ಯಾವ ಬಣ್ಣವಿಟ್ಟಿದ್ದಾನೆ’ ಎಂದು ಕೇಳುವುದು ಸುರಕ್ಷಿತ.

ನಿಮಗಿರುವ ಒಂದು ಅನುಕೂಲ ನ್ಯೂಯಾರ್ಕಿನ ಕ್ಯುರೇಟರಿಗೂ ಇಲ್ಲ. ಸಿಂದಗಿ ರಸ್ತೆಯಲ್ಲಿ ಕುಮಟಗಿಯ ಜಲಮಹಲಿನ ಗೋಡೆಗಳ ಮೇಲೆ ಆ ಕಾಲದ ಚಿತ್ರಗಳ ಅವಶೇಷಗಳಿವೆ, ಕುದುರೆಯ ಮೇಲೆ ಚೌಗಾನ್, ಅಂದರೆ ಪೋಲೊ, ಆಡುವವರೂ ಅವುಗಳಲ್ಲಿದ್ದಾರೆ. ಅಸರ್ ಮಹಲಿನ ಮೇಲಂತಸ್ತಿನ ಗೋಡೆಗಳಲ್ಲಿಯೂ ಚಿತ್ರಗಳ ಕುರುಹು ಉಳಿದಿದೆ. ಎಲ್ಲವೂ ತೀರಾ ಹಾಳಾಗಿವೆ. ಗೀಚಿದ ಹೆಸರುಗಳ ನಡುವೆ ರೇಖೆಯನ್ನು ಹುಡುಕಬೇಕು. ಆದರೆ ಪರದೆಯ ಮೇಲೆ ದಖ್ಖನಿ ಕುದುರೆಯ ಕತ್ತು, ಪೇಟದ ಆಕಾರ, ಮರದ ಎಲೆಗೊಂಚಲು ಹೇಗಿರುತ್ತವೆಂದು ಕಣ್ಣು ಪಳಗಿಸಿಕೊಂಡ ಮಕ್ಕಳು ಅಲ್ಲಿ ನಿಂತರೆ, ಇತರರಿಗೆ ಬರಿಯ ಕಲೆಯಾಗಿ ಕಾಣುವುದರಲ್ಲಿ ಆಕೃತಿಯನ್ನು ಗುರುತಿಸಬಲ್ಲರು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ಅನ್ನೂ ಅದೇ ದಿನ ಸೇರಿಸಿಕೊಳ್ಳಿ. ಆನ್‌ಲೈನ್ ನೋಟ ಮೊದಲು, ಗೋಡೆ ಆಮೇಲೆ; ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಕೊನೆಯದಾಗಿ ಅನುಮತಿಯ ಪ್ರಶ್ನೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ ತನ್ನ ಸಂಗ್ರಹದ ಸುಮಾರು 3,75,000 ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು, ಆಮೇಲೆ ಆ ಸಂಖ್ಯೆ ಇನ್ನೂ ಬೆಳೆದಿದೆ. ಚಿತ್ರದ ಕೆಳಗೆ ‘ಓಪನ್ ಆಕ್ಸೆಸ್’ ಅಥವಾ ‘ಪಬ್ಲಿಕ್ ಡೊಮೇನ್’ ಎಂಬ ಗುರುತು ಇದ್ದರೆ ಡೌನ್‌ಲೋಡ್ ಮಾಡಬಹುದು, ಮುದ್ರಿಸಬಹುದು, ಶಾಲೆಯ ಕ್ಯಾಲೆಂಡರಿಗೆ ಹಾಕಿ ಮಾರಲೂಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲ ಮ್ಯೂಸಿಯಂಗಳೂ ಇಷ್ಟು ಉದಾರವಲ್ಲ. ಬ್ರಿಟಿಷ್ ಮ್ಯೂಸಿಯಂ ತನ್ನ ಚಿತ್ರಗಳನ್ನು ಲಾಭದ ಉದ್ದೇಶವಿಲ್ಲದ ಬಳಕೆಗೆ ಮಾತ್ರ, ತನ್ನ ಹೆಸರು ಹಾಕಬೇಕೆಂಬ ಷರತ್ತಿನ ಮೇಲೆ ಕೊಡುತ್ತದೆ. ತರಗತಿಯಲ್ಲಿ ತೋರಿಸಲು ಅಡ್ಡಿಯಿಲ್ಲ, ಕ್ಯಾಲೆಂಡರ್ ಮಾರುವಂತಿಲ್ಲ. ಗುರುತು ಕಾಣದಿದ್ದರೆ, ಎರವಲು ತಂದ ಕೃತಿಯಾಗಿದ್ದರೆ, ಅಥವಾ ಇನ್ನೂ ಕೃತಿಸ್ವಾಮ್ಯ ಮುಗಿಯದ ಕಲಾವಿದರ ಕೆಲಸವಾಗಿದ್ದರೆ ಒಡೆಯರ ಪುಟದಲ್ಲಿ ನಿಯಮವನ್ನು ಓದಿಕೊಳ್ಳಬೇಕು.

ಮುದ್ರಿಸುವ ಮೊದಲು ಕಡತದ ಅಳತೆಯನ್ನು ಪಿಕ್ಸೆಲ್‌ಗಳಲ್ಲಿ ನೋಡಿ 300ರಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಅಂಗುಲಕ್ಕೆ ಚಿತ್ರ ಚೊಕ್ಕವಾಗಿ ಮೂಡುತ್ತದೆ. 4,000 ಪಿಕ್ಸೆಲ್ ಎತ್ತರದ ಕಡತ ಸುಮಾರು 13 ಅಂಗುಲಕ್ಕೆ, ಅಂದರೆ 34 ಸೆಂಟಿಮೀಟರಿಗೆ ಸಾಕು. ರಾಜಮನೆತನದ ಚಿತ್ರವನ್ನು ಮೂಲದ ಅಳತೆಯಲ್ಲೇ ಮುದ್ರಿಸಬೇಕಾದರೆ ಎ3 ಹಾಳೆ ಸರಿಹೋಗುತ್ತದೆ, ಅಗಲದಲ್ಲಿ ಮಾತ್ರ ಒಂದು ಬೆರಳಿನಷ್ಟು ಅಂಚು ಕತ್ತರಿಸಿ ಹೋಗಬಹುದು. ಹೊಳಪಿನ ಫೋಟೊ ಕಾಗದ ಬೇಡವೆಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿಯವರಿಗೆ ಮೊದಲೇ ಹೇಳಿ, ಮ್ಯಾಟ್ ಕಾಗದ ಕೇಳಿ. ಹಾಳೆಯ ಹಿಂದೆ ಚಿತ್ರಕಾರರ ಹೆಸರು, ಕಾಲ, ಮ್ಯೂಸಿಯಂ ಮತ್ತು 1982.213 ಎಂಬ ಸಂಖ್ಯೆಯನ್ನು ಬರೆದಿಡಿ. ಮುಂದೆ ಯಾವ ವಿದ್ಯಾರ್ಥಿಯಾದರೂ ಆ ಪುಟಕ್ಕೆ ಮರಳಬೇಕೆಂದರೆ ಹುಡುಕುವ ಪೆಟ್ಟಿಗೆಯಲ್ಲಿ ಆ ಸಂಖ್ಯೆಯೊಂದನ್ನು ಹಾಕಿದರೆ ಸಾಕು.